ತೋಳ ಹಾವು ಅಂತ ಕೊಟ್ಟರು, ಮನೆಗೆ ಬಂದದ್ದು ಕಟ್ಟುಹಾವು

ಮೊನ್ನೆ ರಾಯಚೂರಿನ ಒಬ್ಬ ಹುಡುಗ ಮೆಸೇಜ್ ಮಾಡಿದ್ದ. "ಅಣ್ಣಾ, ನಿಮ್ಮ ಅಂಗೈ ಮ್ಯಾಲೆ ಇರೋ ಪಟ್ಟೆ ಹಾವು ಭಾಳ ಚೆಂದ ಐತಿ, ಎಲ್ಲಿ ತಗೊಂಡ್ರಿ?" ನನ್ನ ಆ ಹಳೆಯ ಫೋಟೋ ಇನ್ನೂ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿದೆ ಅಂತ ಆಗಲೇ ಗೊತ್ತಾಗಿದ್ದು. ಅದನ್ನು ನೋಡಿ ಆಸೆಪಟ್ಟವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಆ ಫೋಟೋ ತೆಗೆದ 6ನೇ ದಿನಕ್ಕೆ ನನ್ನ ತಮ್ಮ ವೆಂಟಿಲೇಟರ್ ಮೇಲಿದ್ದ.

ನಮ್ಮದು ಗಂಗಾವತಿ. ಸುತ್ತ ಭತ್ತದ ಗದ್ದೆ, ಕಾಲುವೆ, ರೈಸ್ ಮಿಲ್ಲು. ಇಲಿ ಇದ್ದ ಕಡೆ ಹಾವು ಇರಲೇಬೇಕಲ್ವಾ, ಚಿಕ್ಕಂದಿನಿಂದ ನೋಡಿಕೊಂಡೇ ಬೆಳೆದವರು ನಾವು. ನನಗೆ ನಾಗರ, ಕೇರೆಗಿಂತ ಈ ಸಣ್ಣ ಹಾವುಗಳ ಮೇಲೆ ಪ್ರೀತಿ ಜಾಸ್ತಿ. ತೋಳ ಹಾವು, ಕುಕ್ರಿ ಹಾವು, ಬೆಕ್ಕುಗಣ್ಣಿನ ಹಾವು, ಇವೆಲ್ಲ ಕೊಲುಬ್ರಿಡ್ ಅನ್ನೋ ದೊಡ್ಡ ಕುಟುಂಬದವು. ಅಮೆರಿಕದವರು ಕಾರ್ನ್ ಸ್ನೇಕ್, ಹಾಗ್‌ನೋಸ್ ಅನ್ನೋ ಹಾವುಗಳನ್ನು ಸಾಕುವ ವಿಡಿಯೋಗಳನ್ನು ರಾತ್ರಿಯೆಲ್ಲ ನೋಡಿ, ನಮ್ಮಲ್ಲೂ ಸಣ್ಣ ಹಾವುಗಳಿವೆ, ಸಾಕಿದರೆ ತಪ್ಪೇನು ಅಂದುಕೊಂಡೆ. ಒಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬ ಹುಡುಗ ಸಿಕ್ಕ. ಗೋದಾಮುಗಳಲ್ಲಿ ಹಾವು ಹಿಡಿಯುತ್ತೇನೆ ಅಂದ. 1,500 ರೂಪಾಯಿಗೆ ಒಂದು ತೋಳ ಹಾವು ತಂದುಕೊಟ್ಟ.

ಅದು ನಿಜವಾಗಲೂ ತೋಳ ಹಾವೇ. ಪ್ಲಾಸ್ಟಿಕ್ ಡಬ್ಬಿಗೆ ಕಾದ ಮೊಳೆಯಿಂದ ತೂತು ಮಾಡಿ, ಒಳಗೆ ಹೆಂಚಿನ ಚೂರು, ನೀರಿನ ಬಟ್ಟಲು ಇಟ್ಟೆ. ಮಿಲ್ಲಿನಿಂದ ಇಲಿಮರಿ ತಂದು ಹಾಕಿದೆ, ಮುಟ್ಟಲಿಲ್ಲ. ಅದರ ಮುಖ್ಯ ಊಟ ಹಲ್ಲಿ ಅಂತ ಓದಿ ಹಲ್ಲಿ ಹಿಡಿದು ಬಿಟ್ಟೆ, ಅದನ್ನೂ ತಿನ್ನಲಿಲ್ಲ. ರಾತ್ರಿಯೆಲ್ಲ ಮುಚ್ಚಳಕ್ಕೆ ಮೂತಿ ಉಜ್ಜುತ್ತಿತ್ತು, ಉಜ್ಜಿ ಉಜ್ಜಿ ಮೂತಿಯ ತುದಿ ಕಿತ್ತು ಕೆಂಪಗಾಯಿತು. 5 ವಾರ ಹೀಗೇ ನಡೆದು, ಮಾರ್ಚ್ ಬಿಸಿಲಿನ ಒಂದು ಮಧ್ಯಾಹ್ನ ಸತ್ತುಹೋಯಿತು. ವಿಡಿಯೋದಲ್ಲಿ ನೋಡುವ ಕಾರ್ನ್ ಸ್ನೇಕ್‌ಗಳು ಹತ್ತಾರು ತಲೆಮಾರಿನಿಂದ ಮನುಷ್ಯರ ಹತ್ತಿರವೇ ಮರಿಯಾಗಿ, ಫ್ರೀಜರ್‌ನ ಇಲಿ ತಿನ್ನೋದಕ್ಕೆ ಒಗ್ಗಿದವು. ನನ್ನ ಹಾವು ನಿನ್ನೆ ಮೊನ್ನೆವರೆಗೆ ಗೋಡೆಯ ಬಿರುಕಿನಲ್ಲಿ ಸ್ವತಂತ್ರವಾಗಿ ಇದ್ದದ್ದು. ಅದನ್ನು ಕೊಂದದ್ದು ನಾನೇ. ಅಲ್ಲಿಗೇ ನಿಲ್ಲಿಸಬೇಕಿತ್ತು.

"ಅದು ಬಡಕಲು ಇತ್ತಣ್ಣ. ಈ ಸಲ ಅಪರೂಪದ್ದು ಕೊಡ್ತೀನಿ, ಬಾರ್ಡ್ ಅಂದ್ರ ಅಡ್ಡಪಟ್ಟೆ ತೋಳ ಹಾವು, ವಿಷ ಇಲ್ಲ, ಮಕ್ಕಳು ಹಿಡಿದರೂ ಏನೂ ಆಗಂಗಿಲ್ಲ" ಅಂದ, ಹಾವು ತಂದುಕೊಟ್ಟಿದ್ದ ಅದೇ ಹುಡುಗ.

ಈ ಸಲ ತಂದುಕೊಟ್ಟದ್ದು ಸುಮಾರು ಒಂದು ಅಡಿ ಉದ್ದ, ಹೊಳೆಯುವ ಕಪ್ಪು ಮೈ, ಬಿಳಿ ಪಟ್ಟೆ. ನನಗೂ ಅಷ್ಟಿಷ್ಟು ಗೊತ್ತಿತ್ತು. ವಿಷವಿಲ್ಲದ ತೋಳ ಹಾವಿಗೆ ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಮಸುಕಾಗುತ್ತದೆ, ಕಡು ವಿಷದ ಕಟ್ಟುಹಾವಿಗೆ ತಲೆಯಿಂದ ಸ್ವಲ್ಪ ಹಿಂದೆ ಶುರುವಾಗಿ ಬಾಲದ ಕಡೆ ಎದ್ದು ಕಾಣುತ್ತದೆ. ಇದಕ್ಕೆ ಮುಂದೆಯೂ ಬಿಳಿ ಗುರುತು ಇತ್ತು, ಹಾಗಾಗಿ ತೋಳ ಹಾವೇ ಅಂತ ನಂಬಿದೆ. ಕಟ್ಟುಹಾವಿನ ಮರಿಗಳಲ್ಲಿ ಮುಂಭಾಗದಲ್ಲೂ ಬಿಳಿ ಗುರುತು ಚೆನ್ನಾಗಿಯೇ ಇರುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಬೆನ್ನಿನ ನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲು ಕಂಡರೆ ಅದು ಕಟ್ಟುಹಾವು. ಆದರೆ ಅದನ್ನು ನೋಡಬೇಕಾದರೆ ಮುಖ ಎಷ್ಟು ಹತ್ತಿರ ತರಬೇಕು, ಯೋಚನೆ ಮಾಡಿ. ಇಷ್ಟು ಹೇಳಿದೆ ಅಂತ ನೀವು ಗುರುತು ಹಿಡಿಯಲು ಹೋಗಬೇಡಿ.

ಇನ್ನೊಂದು ಮೋಸ ಅದರ ಸ್ವಭಾವ. ಹಗಲಲ್ಲಿ ಕಟ್ಟುಹಾವು ಸುಸ್ತಾದಂತೆ ಸುರುಳಿ ಸುತ್ತಿ ತಲೆ ಅಡಗಿಸಿಕೊಂಡು ಬಿದ್ದಿರುತ್ತದೆ. ಅಂಗೈಗೆ ತಗೊಂಡೆ, ಸುಮ್ನೆ ಇತ್ತು. ಫೋಟೋ ತೆಗೆದು ಎಲ್ಲರಿಗೂ ಕಳಿಸಿದೆ. ಅದು ಚುರುಕಾಗೋದು ರಾತ್ರಿ.

ಏಪ್ರಿಲ್ ತಿಂಗಳು, ನಮ್ಮ ಕಡೆ ಬಿಸಿಲು ಹೇಗಿರುತ್ತದೆ ಅಂತ ಹೇಳಬೇಕಿಲ್ಲ. ಎಲ್ಲರೂ ಪಡಸಾಲೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದೆವು. ಮೂರು ಗಂಟೆ ಹೊತ್ತಿಗೆ ತಮ್ಮ ಎದ್ದು ಕೂತ. "ಹೊಟ್ಟಿ ಭಾಳ ನೋಯಾಕತ್ತೈತಿ, ಗಂಟಲು ಹಿಡಿದಂಗ ಆಗೈತಿ" ಅಂದ. ಅವ್ವ ಮಜ್ಜಿಗೆ ಕೊಟ್ಟರು, ನುಂಗಲು ಆಗಲಿಲ್ಲ. ನಾನು ಡಬ್ಬಿ ನೋಡಲು ಹೋದೆ. ಮುಚ್ಚಳದ ಒಂದು ಮೂಲೆ ಎದ್ದಿತ್ತು, ಒಳಗೆ ಏನೂ ಇರಲಿಲ್ಲ.

ಮುಂದಿನದ್ದನ್ನು ಬರೆಯೋದು ಕಷ್ಟ. ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು, ಏನಾದರೂ ಕಚ್ಚಿತಾ? ಮೈಮೇಲೆ ಬಾವು ಇಲ್ಲ, ರಕ್ತ ಇಲ್ಲ, ಗಾಯದ ಗುರುತೇ ಇಲ್ಲ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಹಾಗೇ, ಮಲಗಿದವರಿಗೆ ಎಚ್ಚರವೂ ಆಗೋದಿಲ್ಲ. ನನಗೆ ಅನುಮಾನ ಬಂದಿತ್ತು, ಆದರೂ ಬಾಯಿ ಬಿಡಲಿಲ್ಲ. ಹಾವು ಸಾಕೋದು ಅಪರಾಧ, ಕೇಸ್ ಆಗುತ್ತದೆ, ಅಪ್ಪನ ಮರ್ಯಾದೆ ಹೋಗುತ್ತದೆ, ಅದು ವಿಷವಿಲ್ಲದ ಹಾವೇ ತಾನೇ, ಹೀಗೆ ಏನೇನೋ ತಲೆಯಲ್ಲಿ ಓಡುತ್ತಿತ್ತು. "ಊಟ ಕೆಟ್ಟಿರಬೇಕು ಸರ್" ಅಂದೆ. ಗ್ಯಾಸ್ಟ್ರಿಕ್ ಇಂಜೆಕ್ಷನ್ ಕೊಟ್ಟು ಮಲಗಿಸಿದರು. ಮುಕ್ಕಾಲು ಗಂಟೆಯಲ್ಲಿ ಅವನ ರೆಪ್ಪೆಗಳು ಜೋತುಬಿದ್ದವು, ಮಾತು ತೊದಲಿತು, ಉಸಿರು ಸಣ್ಣದಾಯಿತು. ಆಗ ಡಾಕ್ಟರ ಕೈ ಹಿಡಿದು ಎಲ್ಲ ಹೇಳಿದೆ. ಅವರು ಬೈಯುತ್ತಾ ಕೂರಲಿಲ್ಲ. ತಕ್ಷಣ ವಿಷನಿರೋಧಕ 10 ವಯಲ್ (ಸಣ್ಣ ಬಾಟಲಿ) ಶುರು ಮಾಡಿ, ಉಸಿರು ತುಂಬುವ ಆಂಬು ಬ್ಯಾಗನ್ನು ಕೈಯಿಂದ ಒತ್ತುತ್ತಲೇ ವೆಂಟಿಲೇಟರ್ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಿದರು.

4 ದಿನ ವೆಂಟಿಲೇಟರ್. ಕಣ್ಣು ಬಿಡಲಿಲ್ಲ, ಬೆರಳೂ ಆಡಲಿಲ್ಲ. ಊರಿಂದ ಬಂದವರು ಅವನ ಮಂಚದ ಪಕ್ಕದಲ್ಲೇ ನಿಂತು ಇನ್ನು ಮುಗೀತು ಅಂತ ಮಾತಾಡಿದರು. ಆಮೇಲೆ ತಮ್ಮ ಹೇಳಿದ, "ಎಲ್ಲಾ ಕೇಳಿಸ್ತಿತ್ತು ಅಣ್ಣಾ, ಅವ್ವ ಅಳೋದೂ ಕೇಳಿಸ್ತಿತ್ತು, ಕಣ್ಣು ತೆರೆಯಾಕ ಆಗ್ತಿರಲಿಲ್ಲ." ಈ ವಿಷ ಸ್ನಾಯುಗಳನ್ನು ಕಟ್ಟಿಹಾಕುತ್ತದೆ, ಎಚ್ಚರ ಹಾಗೇ ಇರಬಹುದು. ಅವನು ಬದುಕಿದ. ನಾನು ಬಾಯಿ ಮುಚ್ಚಿಕೊಂಡಿದ್ದ ಆ ಮುಕ್ಕಾಲು ಗಂಟೆಯ ಬಗ್ಗೆ ಅವನು ಇವತ್ತಿಗೂ ಒಂದು ಮಾತು ಕೇಳಿಲ್ಲ.

ಹಾವು ಮರುದಿನ ಅಡುಗೆಮನೆಯ ಅಕ್ಕಿ ಚೀಲದ ಹಿಂದೆ ಸಿಕ್ಕಿತು. ಬಂದು ಹಿಡಿದವರು ನೋಡಿದ ತಕ್ಷಣ ಕಟ್ಟುಹಾವಿನ ಮರಿ ಅಂದರು. ಮಾರಿದ ಹುಡುಗನ ನಂಬರ್ ಸ್ವಿಚ್ ಆಫ್. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯೋದೂ ಬೇಟೆಯೇ. ಹಾವು ಯಾವ ಪಟ್ಟಿಯಲ್ಲಿದೆ ಅನ್ನೋದರ ಮೇಲೆ 3 ವರ್ಷದವರೆಗೆ, ಇಲ್ಲವೇ 3ರಿಂದ 7 ವರ್ಷದವರೆಗೆ ಜೈಲು ಆಗಬಹುದು. ವಿಷ ಇಲ್ಲದ್ದು, ನಮ್ಮ ಹೊಲದಲ್ಲೇ ಸಿಕ್ಕಿದ್ದು ಅನ್ನೋ ಮಾತು ನಡೆಯೋದಿಲ್ಲ. ನನ್ನ ಮೇಲೂ ಕೇಸ್ ಆಯಿತು, ಇನ್ನೂ ಓಡಾಡುತ್ತಿದ್ದೇನೆ. ಆದರೆ ಕೇಸಿನ ಭಯಕ್ಕೆ ಡಾಕ್ಟರ ಹತ್ತಿರ ಸುಳ್ಳು ಹೇಳಬೇಡಿ. ಹಾವನ್ನು ಹಿಡಿದುಕೊಂಡು ಹೋಗಬೇಕಿಲ್ಲ, ಕಚ್ಚಿರಬಹುದು ಅಂತ ಹೇಳಿದರೆ ಸಾಕು, ಲಕ್ಷಣ ನೋಡಿ ಔಷಧಿ ಕೊಡುತ್ತಾರೆ. ಮಂತ್ರ, ಬೇರು, ಬ್ಲೇಡಿನಿಂದ ಕೊಯ್ಯೋದು ಯಾವುದೂ ಬೇಡ, ನೇರ 108ಕ್ಕೆ ಫೋನ್ ಮಾಡಿ.

ಈಗಾಗಲೇ ನಿಮ್ಮ ಮನೆಯಲ್ಲಿ ಇಂಥ ಡಬ್ಬಿ ಇದ್ದರೆ ಒಳಗೆ ಕೈ ಹಾಕಬೇಡಿ, ನೀವೇ ಎಲ್ಲೋ ಬಿಟ್ಟು ಬರಲೂ ಹೋಗಬೇಡಿ. ಮುಚ್ಚಳದ ಮೇಲೆ ಭಾರ ಇಟ್ಟು, ಮಕ್ಕಳನ್ನು ದೂರ ಕಳಿಸಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಹೇಳೋಕೆ ಭಯ ಆದರೆ ನನಗೆ ಮೆಸೇಜ್ ಹಾಕಿ. ಕೊಪ್ಪಳ, ರಾಯಚೂರು, ಬಳ್ಳಾರಿ ಯಾವ ಕಡೆಯಾದರೂ ಸರಿ, ನಾನೇ ಬಂದು ನಿಮ್ಮ ಜೊತೆ ನಿಲ್ಲುತ್ತೇನೆ.