ಪೆನ್ಸಿಲ್ಲೋ ಜೇಡಿಮಣ್ಣೋ?

ವಿಧಿವಿಜ್ಞಾನ ಕಲಾವಿದರು ಕೊಲೆ ಪತ್ತೆಹಚ್ಚುವ ಕಾದಂಬರಿಗಳಲ್ಲಿ ಎರಡು ಪಂಗಡ. ಒಂದರಲ್ಲಿ ಸಾಕ್ಷಿಯ ಮಾತು ಕೇಳಿ ಶಂಕಿತನ ರೇಖಾಚಿತ್ರ ಬಿಡಿಸುತ್ತಾರೆ. ಇನ್ನೊಂದರಲ್ಲಿ ಯಾರದೋ ತಲೆಬುರುಡೆಗೆ ಜೇಡಿಮಣ್ಣು ಮೆತ್ತಿ ಮುಖ ಕಟ್ಟುತ್ತಾರೆ. ಬೆನ್ನುಡಿ ಓದಿದರೆ ಎರಡೂ ಒಂದೇ. ಎರಡೂ ಬಗೆಯವನ್ನು ಸಾಲಾಗಿ ಓದಿದ ಮೇಲೆ ನನ್ನ ಮತ ಪೆನ್ಸಿಲ್ಲಿಗೆ. ಹಾಗಂತ ಅರ್ಧ ದಾರಿಯವರೆಗೆ ಮಣ್ಣೇ ಮುಂದು.

ಕಾರಣ, ಆ ಕೆಲಸವೇ ಓದಿಸಿಕೊಂಡು ಹೋಗುತ್ತದೆ. ರಬ್ಬರಿನ ಸಣ್ಣ ತುಂಡುಗಳನ್ನು ಅಳತೆಗೆ ಕತ್ತರಿಸಿ ಬುರುಡೆಯ ಗೊತ್ತಾದ ಜಾಗಗಳಿಗೆ ಅಂಟಿಸುತ್ತಾರೆ. ಎಲ್ಲೆಲ್ಲಿ ಚರ್ಮ, ಮಾಂಸ ಎಷ್ಟು ದಪ್ಪ ಎಂಬ ಲೆಕ್ಕ ಅದು: ಹಣೆಯಲ್ಲಿ ಕೆಲವೇ ಮಿಲಿಮೀಟರ್, ಕೆನ್ನೆಯಲ್ಲಿ ಅದರ ಹಲವು ಪಟ್ಟು. 1941ರಲ್ಲಿ ತೆರೆದ ತೈಮೂರನ ಗೋರಿಯ ಬುರುಡೆಗೆ ಸೋವಿಯತ್ ವಿಜ್ಞಾನಿ ಗೆರಾಸಿಮೊವ್ ಮುಖ ಕೊಟ್ಟದ್ದು ಈ ವಿದ್ಯೆಯ ಪ್ರಸಿದ್ಧ ಅಧ್ಯಾಯ. ಬುರುಡೆ ಬಾಯಿಬಿಡದ ಸಂಗತಿಗಳೂ ಉಂಟು. ಕೂದಲು, ಕಿವಿಯ ಆಕಾರ, ಮೂಗಿನ ತುದಿ, ಆಳು ದಪ್ಪವೋ ಸಣಕಲೋ ಎಂಬುದು. ಜಾಣ ಲೇಖಕರು ಓದುಗರನ್ನು ಸಿಕ್ಕಿಸುವುದು ಅಲ್ಲೇ.

ಆದರೆ ಆ ಮುಖ ಸತ್ತವರದು. ಹೆಸರು ಸಿಕ್ಕಿತೆಂದರೆ ಕಲಾವಿದೆಯ ಕೆಲಸ ಮುಗಿಯಿತು, ಪುಸ್ತಕ ಮುಗಿದಿರುವುದಿಲ್ಲ. ಆಗ ಅವಳಿಗೆ ಬೆದರಿಕೆ ಕರೆ ಬರುತ್ತದೆ, ಕರೆಂಟು ಹೋಗುತ್ತದೆ, ಸ್ಟುಡಿಯೋಗೆ ಒಬ್ಬಳೇ ಹೋಗುತ್ತಾಳೆ. (ಪೊಲೀಸರು ಯಾವ ಊರಿಗೆ ಹೋಗಿರುತ್ತಾರೋ!) ಮಣ್ಣು ಕೊಲೆಗಾರನನ್ನೇ ಹಿಡಿಸಿದ್ದೂ ಇದೆ, ಅಪರೂಪಕ್ಕೆ. ಅಮೆರಿಕದಲ್ಲಿ 1971ರಲ್ಲಿ ತನ್ನ ಕುಟುಂಬವನ್ನೇ ಕೊಂದು ಮರೆಯಾದ ಜಾನ್ ಲಿಸ್ಟ್‌ಗೆ ವಯಸ್ಸಾದ ಮೇಲೆ ಎಂಥ ಮುಖ ಇದ್ದೀತೆಂದು ಫ್ರಾಂಕ್ ಬೆಂಡರ್ ಊಹಿಸಿ ಮೂರ್ತಿ ಮಾಡಿದರು. 1989ರಲ್ಲಿ ಅದು ಟಿವಿಯಲ್ಲಿ ಬಂದ ಕೆಲವೇ ದಿನಗಳಲ್ಲಿ ಅವನು ಸಿಕ್ಕಿಬಿದ್ದ.

ಪೆನ್ಸಿಲ್ ಕಾದಂಬರಿ ಮೊದಮೊದಲು ಸಪ್ಪೆ. ಒಂದು ಕೋಣೆ, ಇಬ್ಬರು, ಬರೀ ಮಾತು. ಆದರೆ ಆ ಮಾತಿನಲ್ಲೇ ವಿಷ ಇದೆ. ಚಿತ್ರ ಬಿಡಿಸಬಲ್ಲ ಗೆಳತಿಯ ಎದುರು ಕೂತು, ಅವಳಿಗೆ ಪರಿಚಯವಿಲ್ಲದ ಒಬ್ಬರ ಮುಖ ವರ್ಣಿಸಿ ನೋಡಿದೆ. ಮೂಗು ಹೇಗಿತ್ತು ಎಂದರೆ 'ಮಾಮೂಲಿ' ಎಂಬುದರಾಚೆ ಮಾತೇ ಹೊರಡಲಿಲ್ಲ. 'ಗಲ್ಲ ಚೂಪಾಗಿತ್ತಾ?' ಎಂದು ಕೇಳಿದಳು, ಆ ಕ್ಷಣದಿಂದ ನನ್ನ ನೆನಪಿನ ಗಲ್ಲವೂ ಚೂಪಾಯಿತು. ಮುಖವನ್ನು ಮಾತಿನಲ್ಲಿ ವರ್ಣಿಸಿದವರಿಗೆ ಆಮೇಲೆ ಅದೇ ಮುಖ ಗುರುತಿಸುವುದು ಕಷ್ಟವಾಗಬಹುದೆಂದು 1990ರ ಪ್ರಯೋಗಗಳೇ ತೋರಿಸಿವೆ. ಹಾಗಾಗಿ ಸಾಕ್ಷಿ ಸುಳ್ಳು ಹೇಳುತ್ತಿರಬಹುದು, ಮರೆತಿರಬಹುದು, ಇಲ್ಲವೇ ಕಲಾವಿದೆಯೇ ಗೊತ್ತಿಲ್ಲದೆ ಒಬ್ಬ ನಿರಪರಾಧಿಯ ಮುಖ ಬಿಡಿಸಿರಬಹುದು. ಈ ಅನುಮಾನ ಕೊನೆಯ ಪುಟದವರೆಗೂ ಬಿಡುವುದಿಲ್ಲ.

ಕಂಪ್ಯೂಟರಿನಲ್ಲಿ ಕಣ್ಣು, ಮೂಗು ಆರಿಸಿ ಜೋಡಿಸುವ ಕಥೆಗಳೂ ಇವೆ. ನೀರಸ. ಬಿಡಿಬಿಡಿ ಭಾಗಗಳ ಬದಲು ಇಡೀ ಮುಖಗಳನ್ನೇ ತೋರಿಸಿ, ಸಾಕ್ಷಿ ಆರಿಸಿದವನ್ನು ಬೆರೆಸುತ್ತಾ ಹೋಗುವ ಇವೋಫಿಟ್‌ನಂಥ ತಂತ್ರಾಂಶ ಬಂದಿದೆಯಲ್ಲ, ಮಾತು ಬಾರದ ಸಾಕ್ಷಿಯನ್ನು ಅದರ ಮುಂದೆ ಕೂರಿಸಿ ಯಾರಾದರೂ ಬರೆದರೆ ಓದುವೆ.

ಕೊಳ್ಳುವ ಮುನ್ನ ಪುಸ್ತಕದ ಮುಕ್ಕಾಲು ಭಾಗದ ಹತ್ತಿರ ತೆರೆದು ನೋಡಿ. ಕಲಾವಿದೆ ಇನ್ನೂ ಕೆಲಸದ ಮೇಜಿನ ಮುಂದೆ ಇದ್ದರೆ ತೆಗೆದುಕೊಳ್ಳಿ. ಕತ್ತಲಲ್ಲಿ ಓಡುತ್ತಿದ್ದರೆ ಪಕ್ಕದ ಪುಸ್ತಕ ನೋಡಿ.