ಯುಕೆ ಬೀಚ್‌ಗೆ ಯಾವ ಶೂ? ವೀವರ್ ಮೀನಿನ ಕಾಟ ಗೊತ್ತಿರೋರ ರಿವ್ಯೂ

ಸಮ್ಮರ್ ಬಂತು ಅಂದ್ರೆ ಇಲ್ಲಿನ ನಮ್ಮವರೆಲ್ಲ ಕಾರ್ನ್‌ವಾಲ್, ಡೆವನ್, ವೇಲ್ಸ್ ಅಂತ ಹೊರಡ್ತಾರೆ, ಅದಕ್ಕೇ ಈಗ್ಲೇ ಬರೀತಿದೀನಿ. ಸೂಪರ್‌ಮಾರ್ಕೆಟ್‌ನಲ್ಲಿ ಐದಾರು ಪೌಂಡಿಗೆ ಸಿಗುತ್ತಲ್ಲ, ಸಾಕ್ಸ್ ಥರ ಮೆತ್ತಗಿರೋ ಬೀಚ್ ಶೂ, ಅದು ಬಿಸಿ ಮರಳಿಗೆ, ಚಿಪ್ಪು ಚುಚ್ಚದೇ ಇರೋಕೆ ಪರವಾಗಿಲ್ಲ, ಆದ್ರೆ ಅದನ್ನ ನಂಬ್ಕೊಂಡು ನೀರಿಗಿಳೀಬೇಡಿ. ಸರ್ಫಿಂಗ್ ಮಾಡೋರು ಹಾಕೋ ನಿಯೋಪ್ರೀನ್ (ಸ್ಪಂಜಿನಂಥ ರಬ್ಬರ್) ಬೂಟ್ ತಗೊಳ್ಳಿ, ದುಡ್ಡು ಜಾಸ್ತಿನೇ, ಆದ್ರೂ ತಗೊಳ್ಳಿ.

ಯಾಕೆ ಅಂದ್ರೆ ಲೆಸ್ಸರ್ ವೀವರ್ ಅಂತ ಒಂದು ಮೀನಿದೆ, ಗೇಣುದ್ದನೂ ಇರಲ್ಲ, ಹೆಚ್ಚಂದ್ರೆ 15 ಸೆಂಟಿಮೀಟರ್ ಆಸುಪಾಸು, ಮೈಯೆಲ್ಲಾ ಮರಳಿನ ಬಣ್ಣ. ಮೀನುಗಳಿಗೆ ತೇಲೋಕೆ ಗಾಳಿಚೀಲ ಇರುತ್ತಲ್ಲ, ಇದಕ್ಕೆ ಅದಿಲ್ಲ, ಈಜೋದು ನಿಲ್ಲಿಸಿದ್ರೆ ಸೀದಾ ತಳಕ್ಕೆ, ಹಾಗಾಗಿ ಹಗಲೆಲ್ಲ ಮರಳಲ್ಲಿ ಹೂತ್ಕೊಂಡು ಕಣ್ಣು ಮತ್ತೆ ಬೆನ್ನಿನ ಕಪ್ಪು ರೆಕ್ಕೆ ಮಾತ್ರ ಹೊರಗಿಟ್ಟು ಸೀಗಡಿ ಬರೋದನ್ನ ಕಾಯ್ತಾ ಇರುತ್ತೆ. ಆ ಕಪ್ಪು ರೆಕ್ಕೆಯ ಮುಳ್ಳಲ್ಲೇ ವಿಷ ಇರೋದು, ಕಿವಿರಿನ ಮುಚ್ಚಳದ ಮೇಲೂ ಒಂದೊಂದು ಮುಳ್ಳಿದೆ. ನೀರು ಇಳಿತ ಇರುವಾಗ ಮಕ್ಕಳು ಮೊಣಕಾಲುದ್ದ ನೀರಲ್ಲಿ ಆಡ್ತಾರಲ್ಲ, ಇದು ಇರೋದೂ ಅಲ್ಲೇ. ಊರಲ್ಲಿ ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿಸ್ಕೊಂಡೋರನ್ನ ನೋಡಿದ್ರೆ ಆ ನೋವು ಎಂಥದ್ದು ಅಂತ ನಾನು ಹೇಳಬೇಕಿಲ್ಲ.

ಈಗ ಶೂ ವಿಚಾರ. ತೆಳು ಶೂನಲ್ಲಿ ನಂಗೆ ಇಷ್ಟ ಆಗದೇ ಇರೋದು ಅಡಿಭಾಗಕ್ಕಿಂತ ಪಕ್ಕದ ಭಾಗ, ಅಲ್ಲಿ ಬರೀ ಬಟ್ಟೆ ಕಣ್ರಿ, ನಮ್ಮ ಜೊತೆ ಬಂದಿದ್ದ ಫ್ರೆಂಡ್‌ಗೆ ಕಿರುಬೆರಳ ಪಕ್ಕ ಬಟ್ಟೆ ತೂರ್ಕೊಂಡೇ ಚುಚ್ಚಿತ್ತು, ದೊಡ್ಡ ಗಂಡಸು, ಕೂತು ಅಳ್ತಿದ್ರು. ಚಪ್ಪಲಿ, ಕ್ರಾಕ್ಸ್ ಅಂತೂ ಎರಡನೇ ಅಲೆಗೇ ಕಾಲಿಂದ ಹೋಗುತ್ತೆ. ನಿಯೋಪ್ರೀನ್ ಬೂಟಲ್ಲಿ ಅಡಿಗೆ ದಪ್ಪ ರಬ್ಬರ್, ಅದು ಪಕ್ಕಕ್ಕೂ ಸ್ವಲ್ಪ ಮೇಲೆ ಹತ್ತಿರುತ್ತೆ, ಕೊಳ್ಳುವಾಗ ಇದೊಂದನ್ನ ಬೆರಳಲ್ಲಿ ಒತ್ತಿ ನೋಡಿ, ಬಣ್ಣ ಬ್ರಾಂಡ್ ಎಲ್ಲ ಆಮೇಲೆ. ಬೇಸಿಗೆಗೆ 3 ಮಿಲಿಮೀಟರ್ ದಪ್ಪದ ನಿಯೋಪ್ರೀನ್ ಸಾಕು, 5 ಮಿಲಿಮೀಟರ್ ಚಳಿ ನೀರಿನವರಿಗೆ. ಹಾಗಂತ ನೂರಕ್ಕೆ ನೂರು ಸೇಫ್ ಅಂತ ಹೇಳ್ತಿಲ್ಲ, ಕಾಲು ಎತ್ತಿ ಎತ್ತಿ ಇಡೋ ಬದಲು ಮರಳಲ್ಲಿ ಎಳ್ಕೊಂಡು ನಡೀರಿ, ಮೀನು ತಾನೇ ಜಾಗ ಖಾಲಿ ಮಾಡುತ್ತೆ.

ಚುಚ್ಚಿಬಿಟ್ರೆ ಐಸ್ ಇಡಬೇಡಿ, ಮೂತ್ರ ಹುಯ್ಯೋದು ಅಂತೂ ಬೇಡವೇ ಬೇಡ. ಮುಳ್ಳು ಉಳಿದಿದ್ರೆ ಚಿಮಟದಲ್ಲಿ ತೆಗೆದು, ಸುಡದೇ ಇರೋಷ್ಟು, ಆದ್ರೆ ತಡ್ಕೊಳ್ಳೋಕಾಗೋಷ್ಟು ಬಿಸಿ ನೀರಲ್ಲಿ ಕನಿಷ್ಠ 30 ನಿಮಿಷ ಕಾಲಿಡಬೇಕು. ವಿಷ ಪ್ರೋಟೀನ್, ಬಿಸಿಗೆ ಕೆಡುತ್ತೆ. ಬೀಚ್ ಕಾಯೋ ಆರ್‌ಎನ್‌ಎಲ್‌ಐ ಅನ್ನೋ ಸಂಸ್ಥೆಯ ಲೈಫ್‌ಗಾರ್ಡ್‌ಗಳಿಗೆ ಇದು ಮಾಮೂಲಿ, ಅವತ್ತು ಫ್ರೆಂಡ್‌ಗೂ ಬಕೆಟ್ ಬಿಸಿ ನೀರು ಕೊಟ್ಟು, ಆರಿದ ಹಾಗೆ ಮತ್ತೆ ಸುರಿದು, ಪಕ್ಕದಲ್ಲೇ ನಿಂತು ನಗಿಸ್ತಿದ್ರು, ಚ್ಯಾರಿಟಿ ಅದು, ಡಬ್ಬಿಗೆ ಏನಾದ್ರೂ ಹಾಕಿ ಬನ್ನಿ. ಉಸಿರಾಟ ಕಷ್ಟ ಆದ್ರೆ, ಮುಖ ಊದ್ಕೊಂಡ್ರೆ ಮಾತ್ರ ತಡ ಮಾಡದೆ 999ಕ್ಕೆ ಫೋನ್ ಮಾಡಿ.

ಅಂದಹಾಗೆ ಇದರ ದೊಡ್ಡಣ್ಣ ಗ್ರೇಟರ್ ವೀವರ್‌ನ ಫ್ರಾನ್ಸಲ್ಲಿ ಮುಳ್ಳು ಕತ್ತರಿಸಿ ತಿಂತಾರೆ. ರವಾ ಫ್ರೈ ಮಾಡಿದ್ರೆ ಹೇಗಿರುತ್ತೋ, ಆಸೆ ಇದೆ.

ಬೂಟಿನ ತೊಂದ್ರೆಗಳೂ ಇವೆ: ಒಣಗೋಕೆ ಎರಡು ದಿನ, ತೊಳೀದೆ ಕಾರಲ್ಲಿ ಬಿಟ್ರೆ ನಾತಕ್ಕೆ ಕಾರು ಹತ್ತೋಕಾಗಲ್ಲ, ಮಕ್ಕಳ ಕಾಲು ಬೆಳೆಯೋ ಸ್ಪೀಡಿಗೆ ಒಂದೇ ಸೀಸನ್. ಐದಕ್ಕೆ ನಾಲ್ಕು ಸ್ಟಾರ್. ಮಕ್ಕಳದ್ದು ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಚ್ಯಾರಿಟಿ ಶಾಪಲ್ಲಿ ಸೆಪ್ಟೆಂಬರ್ ಹೊತ್ತಿಗೆ ಚೆನ್ನಾಗಿರೋದೇ ಸಿಗುತ್ತೆ.