ನಾಲ್ಕು ಅಡಿ ಟ್ಯಾಂಕಿಗೆ ಯಾವ ದೊಡ್ಡ ಸಿಕ್ಲಿಡ್? ಆಸ್ಕರ್, ಗ್ರೀನ್ ಟೆರರ್, ಸೆವೆರಮ್ ಮೂರನ್ನೂ ಸಾಕಿ ನೋಡಿದ್ದು

ಮುಂಬೈಯ ಘಾಟ್‌ಕೋಪರ್‌ನ ನಮ್ಮ ಮನೆಯ ಹಾಲ್‌ನಲ್ಲಿ ಒಂದು ಮೀನಿನ ಟ್ಯಾಂಕ್ ಇದೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ 250 ಲೀಟರ್. ಮರಳು, ಕಲ್ಲು ಹಾಕಿ ಮೇಲೆ ಎರಡು ಇಂಚು ಬಿಟ್ಟರೆ ನಿಜವಾಗಿ ಉಳಿಯುವುದು 210 ಲೀಟರ್ ಆಸುಪಾಸು. ಇದಕ್ಕಿಂತ ದೊಡ್ಡದು ಇಡಲು ಜಾಗವೂ ಇಲ್ಲ, ಹಳೆ ಕಟ್ಟಡದ ಮೂರನೇ ಮಹಡಿಯಲ್ಲಿ ಇನ್ನಷ್ಟು ಭಾರ ಹೇರಲು ಧೈರ್ಯವೂ ಇಲ್ಲ. 7 ವರ್ಷದಲ್ಲಿ ಇದೇ ಟ್ಯಾಂಕ್‌ನಲ್ಲಿ ಒಂದಾದ ಮೇಲೊಂದು ಮೂರು ಜಾತಿ ಸಿಕ್ಲಿಡ್ (ಒಂದು ಮೀನಿನ ಕುಟುಂಬದ ಹೆಸರು) ಸಾಕಿದ್ದೇನೆ. ನೀರು ಅದೇ, ಫಿಲ್ಟರ್ ಅದೇ. ಹಾಗಾಗಿ ಹೋಲಿಸಿ ಹೇಳಬಹುದು ಅನಿಸಿತು.

ಮೊದಲು ತಂದದ್ದು ಆಸ್ಕರ್. ಕುರ್ಲಾದಲ್ಲಿ ಒಂದು ಭಾನುವಾರ, ಎರಡು ಇಂಚಿನ ಮರಿ. "ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ" ಅಂದ ಅಂಗಡಿಯವ. ಈ ಮಾತನ್ನು ದಯವಿಟ್ಟು ನಂಬಬೇಡಿ. ನೀರು ಕೆಟ್ಟು ಬೆಳವಣಿಗೆ ಕುಂಠಿತವಾಗುವುದನ್ನೇ ಜನ ಹಾಗೆ ಹೇಳುವುದು. ನೀರು ಚೆನ್ನಾಗಿದ್ದರೆ ಆಸ್ಕರ್ ಮೊದಲ ವರ್ಷ ತಿಂಗಳಿಗೆ ಹತ್ತಿರ ಹತ್ತಿರ ಒಂದು ಇಂಚು ಬೆಳೆಯುತ್ತದೆ. ನನ್ನದು 10 ತಿಂಗಳಿಗೆ 10 ಇಂಚು, ಎರಡು ವರ್ಷಕ್ಕೆ 12. ಟ್ಯಾಂಕ್ ಅಗಲ 18 ಇಂಚು, ನೆನಪಿರಲಿ. ಗೋಡೆ ಕಡೆಯಿಂದ ಈಚೆ ತಿರುಗುವಾಗ ಅವನ ಬಾಲ ಹಿಂದಿನ ಗಾಜಿಗೆ ತಾಗುತ್ತಿತ್ತು, ಮೂತಿ ಮುಂದಿನ ಗಾಜಿನ ಹತ್ತಿರಕ್ಕೆ ಬರುತ್ತಿತ್ತು, ಆಮೇಲೆ ಮೈ ಬಗ್ಗಿಸಿ ಸ್ವಲ್ಪ ಸ್ವಲ್ಪವೇ ತಿರುಗುತ್ತಿದ್ದ, ಗಲ್ಲಿಯಲ್ಲಿ ಬೆಸ್ಟ್ ಸಿಟಿ ಬಸ್ ತಿರುಗಿಸಿದ ಹಾಗೆ. ಅದನ್ನು ದಿನಾ ನೋಡುವುದು ನನಗೆ ಕಷ್ಟವಾಗುತ್ತಿತ್ತು.

ಪ್ರೀತಿಯ ವಿಷಯದಲ್ಲಿ ಆಸ್ಕರ್‌ಗೆ ಸಾಟಿ ಇಲ್ಲ. ಊಟ ಕೊಡುವವರು ಯಾರು ಅಂತ ಗುರುತು ಹಿಡಿಯುತ್ತದೆ. ಬೆರಳಿಂದಲೇ ಪೆಲೆಟ್ (ಕಾಳಿನಂಥ ಒಣ ಮೀನಿನ ಆಹಾರ) ತೆಗೆದುಕೊಳ್ಳುತ್ತದೆ. ಕಲ್ಲಿನ ಜಾಗ ಬದಲಿಸಿದರೆ ಮುನಿಸಿಕೊಂಡು ಒಂದು ಮಗ್ಗುಲಾಗಿ ಮಲಗುತ್ತದೆ, ಮೊದಲ ಸಲ ನೋಡಿದಾಗ ಸತ್ತೇ ಹೋಯಿತು ಅಂದುಕೊಂಡಿದ್ದೆ. ಆದರೆ ಗಲೀಜು! ಪೆಲೆಟ್ ಜಗಿದರೆ ಅರ್ಧ ಪುಡಿ ಕಿವಿರಿನಿಂದ ಆಚೆ ಬರುತ್ತದೆ. ನೀರು ಬದಲಿಸಿ ನಾಲ್ಕೇ ದಿನಕ್ಕೆ, ಗಲೀಜಿನಿಂದ ನೀರಿಗೆ ಸೇರುವ ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ). ವಾರಕ್ಕೆ ಎರಡು ಸಲ 100 ಲೀಟರ್ ಬದಲಿಸಬೇಕು, ಅದೂ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರುವ ಎರಡು ಗಂಟೆಯೊಳಗೆ, 20 ಲೀಟರ್ ಬಕೆಟ್‌ನಲ್ಲಿ. ಆಫೀಸ್ ಕೆಲಸ ಜಾಸ್ತಿಯಾಗಿ ಒಂದು ತಿಂಗಳು ಇದು ತಪ್ಪಿತು. ಅವನ ಕಣ್ಣಿನ ಮೇಲ್ಗಡೆ ತಲೆಯಲ್ಲಿ ಗುಂಡುಸೂಜಿ ತಲೆಯಷ್ಟು ಸಣ್ಣ ಸಣ್ಣ ಗುಳಿ ಬಿದ್ದವು. ಹೋಲ್ ಇನ್ ದ ಹೆಡ್ ಅನ್ನುವ ಕಾಯಿಲೆ, ಕೆಟ್ಟ ನೀರಿನಲ್ಲಿ ಆಸ್ಕರ್‌ಗೆ ಬೇಗ ಬರುತ್ತದೆ. ದಿನ ಬಿಟ್ಟು ದಿನ ನೀರು ಬದಲಿಸಿ ಗುಳಿ ಮುಚ್ಚಿಕೊಂಡಿತು, ಗುರುತು ಉಳಿಯಿತು. ಪನ್ವೇಲ್‌ನಲ್ಲಿ 6 ಅಡಿ ಟ್ಯಾಂಕ್ ಇರುವ ಗೆಳೆಯನಿಗೆ ಅವನನ್ನು ಕೊಟ್ಟ ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಇನ್ನೊಂದು ಮಾತು. ಆಸ್ಕರ್‌ಗೆ ಜೀವಂತ ಗೋಲ್ಡ್‌ಫಿಷ್ ಹಾಕುವ ಚಟ ಬೇಡ. ಅದರಿಂದ ರೋಗ ಬರುತ್ತದೆ, ಅದರ ಮೈಯಲ್ಲಿರುವ ಥಯಾಮಿನೇಸ್ ಅನ್ನುವ ಕಿಣ್ವ ಬಿ1 ವಿಟಮಿನ್ ಅನ್ನು ಹಾಳುಮಾಡುತ್ತದೆ. ಒಳ್ಳೆ ಪೆಲೆಟ್, ವಾರಕ್ಕೊಮ್ಮೆ ಸುಲಿದ ಸಿಗಡಿ ಚೂರು, ಇಷ್ಟು ಸಾಕು.

ಆಮೇಲೆ ಗ್ರೀನ್ ಟೆರರ್ ಜೋಡಿ. ನೋಡಲು ಮೂರರಲ್ಲಿ ಇದೇ ಚಂದ. ಕೆನ್ನೆ ಮೇಲೆ ನೀಲಿ ಹಸಿರು ಗೆರೆ, ಬಾಲದ ಅಂಚಿಗೆ ಕಿತ್ತಳೆ, ಗಂಡಿಗೆ ವಯಸ್ಸಾದಂತೆ ಹಣೆ ಉಬ್ಬುತ್ತದೆ. ಗಂಡು 8 ಇಂಚಿಗೆ ನಿಂತಿತು, ಟ್ಯಾಂಕಿಗೆ ಸರಿಯಾದ ಅಳತೆ. ತೊಂದರೆ ಎರಡು. ಮೊದಲನೆಯದು ಮೊಟ್ಟೆ ಇಟ್ಟ ಮೇಲಿನ ಸಿಟ್ಟು. ಒಂದು ಬೆಳಿಗ್ಗೆ ನೋಡಿದರೆ ಹೆಣ್ಣು ಫಿಲ್ಟರ್ ಪೈಪಿನ ಹಿಂದೆ ಸಿಕ್ಕಿಕೊಂಡು ನಿಂತಿದೆ, ರೆಕ್ಕೆಯೆಲ್ಲ ಹರಿದು ಬಾಚಣಿಗೆ ಹಲ್ಲಿನ ಹಾಗಾಗಿದೆ. ನಾಲ್ಕು ಅಡಿಯಲ್ಲಿ ಅದಕ್ಕೆ ಓಡಲು ಜಾಗವೇ ಇರಲಿಲ್ಲ. ಎರಡನೆಯದು ನಮ್ಮ ಸೆಖೆ. ಇದು ಈಕ್ವೆಡಾರ್, ಪೆರು ಕಡೆ ಆಂಡೀಸ್ ಬೆಟ್ಟದ ಪಶ್ಚಿಮಕ್ಕೆ ಹರಿಯುವ ನದಿಗಳ ಮೀನು, 22ರಿಂದ 25 ಡಿಗ್ರಿ ನೀರು ಅದಕ್ಕೆ ಹಿತ. ಮೇ ತಿಂಗಳಲ್ಲಿ ನನ್ನ ಟ್ಯಾಂಕ್ 31 ಮುಟ್ಟುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಮಧ್ಯಾಹ್ನವೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಏರ್ ಪಂಪ್ ಎರಡಾಯಿತು, ಫ್ಯಾನ್ ಬಂತು. ಒಂದೇ ಗಂಡು ಸಾಕುತ್ತೇನೆ, ಬೇಸಿಗೆಯಲ್ಲಿ ನೀರು ತಂಪಾಗಿಡುತ್ತೇನೆ ಅನ್ನುವವರು ತರಬಹುದು.

ಫ್ಲವರ್‌ಹಾರ್ನ್ ಬಗ್ಗೆ ತುಂಬಾ ಜನ ಕೇಳುತ್ತಾರೆ, ವಾಸ್ತು ಮೀನು ಅಂತ. ಅದು 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಬೇರೆ ಬೇರೆ ಸಿಕ್ಲಿಡ್ ಸೇರಿಸಿ ಮಾಡಿದ ತಳಿ. ನಾನು ಸಾಕಿಲ್ಲ. ಡೊಂಬಿವಿಲಿಯ ಭಾವನ ಮನೆಯಲ್ಲಿ ನೋಡಿದ್ದೇನೆ, ಒಂಟಿಯಾಗಿಯೇ ಇಡಬೇಕು.

ಈಗ ಇರುವುದು ಸೆವೆರಮ್. ಮೂರು ವರ್ಷವಾಯಿತು. ಅಂಗಡಿಯಲ್ಲಿ ಮರಿ ನೋಡಿದರೆ ಮಂಕು ಹಸಿರು, ಯಾರೂ ತಿರುಗಿ ನೋಡುವುದಿಲ್ಲ. ಮೊದಲ ಎರಡು ತಿಂಗಳು ಮರದ ತುಂಡಿನ ಹಿಂದೆಯೇ ಇದ್ದವು, ಮಗಳು "ಅಪ್ಪ, ಖಾಲಿ ಟ್ಯಾಂಕ್ ತಂದ್ಯಾ?" ಅಂದಳು. ಒಂದು ವರ್ಷ ಕಳೆದ ಮೇಲೆ ಬಣ್ಣ ಬಂತು, ಹೊಟ್ಟೆ ಕಡೆ ಬಂಗಾರ, ಮುಖದ ಮೇಲೆ ಕೆಂಪು ಕಂದು ಚುಕ್ಕಿ. ತಟ್ಟೆಯಂಥ ಮೈ, 7 ಇಂಚು. ಅಮೆಜಾನ್‌ನದು, 28–30 ಡಿಗ್ರಿಗೆ ಹೆದರುವುದಿಲ್ಲ. ಆಸ್ಕರ್ ಒಂದೇ ಮಾಡುತ್ತಿದ್ದ ಗಲೀಜನ್ನು ಇವು ಎರಡು ಸೇರಿಯೂ ಮಾಡುವುದಿಲ್ಲ. ವಾರಕ್ಕೊಮ್ಮೆ 80 ಲೀಟರ್ ಬದಲಿಸುತ್ತೇನೆ, ನೈಟ್ರೇಟ್ 20 ದಾಟಿಲ್ಲ. ಸೊಪ್ಪು ತರಕಾರಿ ಅಂದರೆ ಪ್ರಾಣ. ಬೇಯಿಸಿದ ಬಟಾಣಿಯ ಸಿಪ್ಪೆ ತೆಗೆದು ಬೆರಳಲ್ಲಿ ಹಿಚುಕಿ ಬಿಟ್ಟರೆ ಎರಡೂ ಓಡಿ ಬರುತ್ತವೆ. ಗಿಡ ಮಾತ್ರ ಆಗುವುದಿಲ್ಲ, ಮೆತ್ತಗಿನ ಎಲೆ ಬೆಳಗಾಗುವಷ್ಟರಲ್ಲಿ ಖಾಲಿ. ಆಗಾಗ ಬಾಯಿಗೆ ಬಾಯಿ ಕಚ್ಚಿ ಎಳೆದಾಡುತ್ತವೆ, ನನ್ನಲ್ಲಿ ಇವತ್ತಿನವರೆಗೂ ಗಾಯವಾಗಿಲ್ಲ. ಕೈಯಿಂದ ತಿನ್ನುವ ಸಲಿಗೆ ಬರಲು ಒಂದೂವರೆ ವರ್ಷ ಬೇಕಾಯಿತು, ಅಲ್ಲಿ ಆಸ್ಕರ್ ಗೆಲ್ಲುತ್ತದೆ. ಆದರೂ ನಾಲ್ಕು ಅಡಿಗೆ ನನ್ನ ಆಯ್ಕೆ ಸೆವೆರಮ್ಮೇ.

ನಾವು ತಿನ್ನುವ ಕರಿಮೀನ್ ಕೂಡ ಸಿಕ್ಲಿಡ್ಡೇ, ಗೊತ್ತಾ? ನಮ್ಮ ನೇತ್ರಾವತಿ, ಕುಮಾರಧಾರೆ ಕಡೆ ಅದರದೇ ಸಂಬಂಧಿ ಒಂದಿದೆ, ಎಟ್ರೋಪ್ಲಸ್ ಕೆನರೆನ್ಸಿಸ್. ಹೆಸರಲ್ಲೇ ಕೆನರಾ. ಅಳಿವಿನಂಚಿನ ಮೀನು, ಯಾರಾದರೂ ಹೊಳೆಯಿಂದ ಹಿಡಿದು ತಂದು ಮಾರಿದರೆ ಕೊಳ್ಳಬೇಡಿ.

ಸೆವೆರಮ್ ತರುವವರು ಮಳೆಗಾಲ ಕಳೆದ ಮೇಲೆ ತನ್ನಿ. ಜುಲೈನಲ್ಲಿ ನಮ್ಮ ನಲ್ಲಿ ನೀರು ಕೆಲವು ದಿನ ಕದಡಿ ಬರುತ್ತದೆ, ಕ್ಲೋರಿನ್ ವಾಸನೆಯೂ ಜೋರು, ಹೊಸ ಮೀನಿಗೆ ಅದು ಆಗುವುದಿಲ್ಲ. ಮೀನು ತರುವ ಮೊದಲೇ ಒಂದೂವರೆ ತಿಂಗಳು ಫಿಲ್ಟರ್ ಓಡಿಸಿ ಸೈಕಲ್, ಅಂದರೆ ಗಲೀಜು ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯುವುದನ್ನು, ಮುಗಿಸಿಕೊಳ್ಳಿ. ಅಂಗಡಿಯಲ್ಲಿ ನಾಲ್ಕೈದು ಮರಿ ಆರಿಸಿ, ಜೋಡಿಯಾದ ಮೇಲೆ ಉಳಿದದ್ದನ್ನು ವಾಪಸ್ ತೆಗೆದುಕೊಳ್ಳುತ್ತಾರಾ ಅಂತ ಮೊದಲೇ ಕೇಳಿ. ನಿಮ್ಮೆದುರೇ ಎರಡು ಪೆಲೆಟ್ ಹಾಕಿಸಿ. ತಿನ್ನದ ಮರಿಯನ್ನು ಅಲ್ಲೇ ಬಿಡಿ.